ಹೊಟ್ಟೆಯುಬ್ಬರವೂ ಹೇಳಲಾಗದ ಭಯವೂ

ಪುಣೆ ಹೆದ್ದಾರಿಯ ಬದಿಯ ಚಿಂಚೋಳಿ ಎಂಐಡಿಸಿಗೆ ಬೆಳಗಿನ ಪಾಳಿಗೆ ಹೊರಡುವ ಹೆಣ್ಣುಮಕ್ಕಳ ಚೀಲದಲ್ಲಿ ರೊಟ್ಟಿಯ ಗಂಟಿನ ಪಕ್ಕದಲ್ಲಿಯೇ ಆಮ್ಲ ತಗ್ಗಿಸುವ ಮಾತ್ರೆಗಳ ಒಂದು ಪಟ್ಟಿ ಇರುವುದು ಈಗ ಯಾರಿಗೂ ವಿಶೇಷವೆನಿಸದು. ‘ಪಿತ್ತ ಆಗೇದ’ ಎಂದು ಒಂದು ಮಾತ್ರೆ ನುಂಗಿದರೆ ಬಹಳ ಜನರ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯುತ್ತದೆ. ಕೆಲವರಿಗೆ ಮುಗಿಯುವುದಿಲ್ಲ. ಒಂದು ಪಟ್ಟಿ ತೀರಿ ಇನ್ನೊಂದು ಬರುತ್ತದೆ. ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಸಂಜೆಗೆ ಲಂಗದ ಲಾಡಿ ಸಡಿಲಿಸಬೇಕಾಗುತ್ತದೆ. ವೈದ್ಯರು ರಕ್ತ ಪರೀಕ್ಷಿಸಿ ‘ಏನೂ ಇಲ್ಲ’ ಎನ್ನುತ್ತಾರೆ. ಏನೂ ಇಲ್ಲವೆಂದ ಮೇಲೂ ಹೊಟ್ಟೆ ಉಬ್ಬುತ್ತಲೇ ಇರುತ್ತದೆ. ಆಗ ಯಾವುದೋ ರಾತ್ರಿ, ಹಿಂದಿನ ಓಣಿಯ ಯಾರಿಗೋ ಅಂಡಾಶಯದ ಕ್ಯಾನ್ಸರ್ ಆಗಿತ್ತಂತೆ, ಅವರಿಗೂ ಮೊದಲು ಬರೀ ಹೊಟ್ಟೆಯುಬ್ಬರವೇ ಇತ್ತಂತೆ ಎಂದು ಕೇಳಿದ ಮಾತು ನೆನಪಾಗುತ್ತದೆ. ಆ ಮಾತನ್ನು ಗಂಡನ ಮುಂದೆ ಆಡಲಾಗದು, ಅತ್ತೆಯ ಮುಂದೆ ಆಡಲಾಗದು, ಶಾಲೆಗೆ ಹೋಗುವ ಮಕ್ಕಳ ಮುಂದಂತೂ ಸಾಧ್ಯವೇ ಇಲ್ಲ.

ಈ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳಿ ಸಮಾಧಾನಪಡಿಸುವುದು ಸುಲಭ, ಆದರೆ ಅದು ಸತ್ಯವಲ್ಲ. ಅಂಡಾಶಯಗಳು ಕಿಬ್ಬೊಟ್ಟೆಯೊಳಗೆ ಕರುಳು, ಮೂತ್ರಕೋಶಗಳ ನಡುವೆ ಅಡಗಿರುವ ಬಾದಾಮಿ ಗಾತ್ರದ ಎರಡು ಅಂಗಗಳು. ಅಲ್ಲಿ ಗಡ್ಡೆ ಬೆಳೆದರೆ ಅದು ಕರುಳನ್ನು ಒತ್ತುತ್ತದೆ, ಹೊಟ್ಟೆಯ ಒಳಪೊರೆಯ ಮೇಲೆ ಹರಡಿ ನೀರು ತುಂಬಿಸುತ್ತದೆ. ಆದ್ದರಿಂದ ಅಂಡಾಶಯದ ರೋಗ ಮೊದಲು ಮಾತನಾಡುವುದು ಜಠರದ ಭಾಷೆಯಲ್ಲಿ: ಉಬ್ಬರ, ಬೇಗ ಹೊಟ್ಟೆ ತುಂಬುವಿಕೆ, ಮಲಬದ್ಧತೆ, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಇದಕ್ಕೆ ‘ಸದ್ದಿಲ್ಲದೆ ಕೊಲ್ಲುವ ರೋಗ’ ಎಂಬ ಹೆಸರು ಪತ್ರಿಕೆಗಳಲ್ಲಿ ರೂಢಿಗೆ ಬಂದಿದೆ. ನನ್ನ ದೃಷ್ಟಿಯಲ್ಲಿ ಅದು ಕೆಟ್ಟ ಹೆಸರು; ಹೆದರಿಕೆಯನ್ನು ಹೆಚ್ಚಿಸುತ್ತದೆ, ದಾರಿಯನ್ನು ತೋರುವುದಿಲ್ಲ. ರೋಗಕ್ಕೆ ಸದ್ದು ಇದೆ. ಆ ಸದ್ದು ದಿನನಿತ್ಯದ ಹೊಟ್ಟೆಯ ಗಲಾಟೆಯಲ್ಲಿ ಕಲೆತುಹೋಗುತ್ತದೆ, ಅಷ್ಟೇ.

ಕಲೆತುಹೋದುದನ್ನು ಬೇರ್ಪಡಿಸಲು ಅಮೆರಿಕದ ಸಿಯಾಟಲ್ ನಗರದ ವೈದ್ಯೆ ಬಾರ್ಬರಾ ಗಾಫ್ ಮತ್ತು ಅವರ ಸಂಗಡಿಗರು ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿ ನೋಡಿ 2007ರಲ್ಲಿ ಒಂದು ಸರಳ ಅಳತೆಗೋಲನ್ನು ಪ್ರಕಟಿಸಿದರು. ಹೊಟ್ಟೆಯುಬ್ಬರ ಅಥವಾ ಹೊಟ್ಟೆಯ ಸುತ್ತಳತೆ ಹೆಚ್ಚುವುದು, ಹೊಟ್ಟೆ ಇಲ್ಲವೆ ಕಿಬ್ಬೊಟ್ಟೆಯ ನೋವು, ಉಣ್ಣಲಾಗದಿರುವುದು ಅಥವಾ ಬೇಗ ಹೊಟ್ಟೆ ತುಂಬುವುದು—ಇವುಗಳಲ್ಲಿ ಯಾವುದಾದರೂ ಒಂದು ಕಳೆದ ಒಂದು ವರ್ಷದ ಒಳಗೆ ಹೊಸದಾಗಿ ಆರಂಭವಾಗಿ, ತಿಂಗಳಿಗೆ 12 ದಿನಗಳಿಗಿಂತ ಹೆಚ್ಚು ಕಾಡುತ್ತಿದ್ದರೆ ಅದನ್ನು ವಿಚಾರಿಸಬೇಕು. ನಾಲ್ಕು ವರ್ಷಗಳ ಬಳಿಕ, 2011ರಲ್ಲಿ, ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ತಿಂಗಳಿಗೆ 12 ಸಲದ ಲೆಕ್ಕವನ್ನೇ ಹೇಳಿತು. ಅದರ ಜೊತೆಗೆ ಅದು ಸೇರಿಸಿದ ಇನ್ನೊಂದು ಸೂಚನೆ ಇನ್ನೂ ಉಪಯುಕ್ತ. ಐವತ್ತು ದಾಟಿದ ಮಹಿಳೆಗೆ ಮೊದಲ ಬಾರಿಗೆ ‘ಕರುಳಿನ ಕೆರಳು ಬೇನೆ’ ಅಂದರೆ ಐಬಿಎಸ್‌ನಂಥ ಲಕ್ಷಣ ಕಂಡರೆ, ಹಾಗೆಂದು ಹೆಸರಿಟ್ಟು ಕಳುಹಿಸುವ ಮೊದಲು ಅಂಡಾಶಯವನ್ನು ಪರೀಕ್ಷಿಸಬೇಕು. ಏಕೆಂದರೆ ಆ ಬೇನೆ ಸಾಮಾನ್ಯವಾಗಿ ಹರೆಯದಲ್ಲಿ ತಲೆದೋರುವಂಥದು, ಐವತ್ತರ ನಂತರ ಹೊಸದಾಗಿ ಶುರುವಾಗುವುದು ಅಪರೂಪ.

ಇಲ್ಲಿ ಮುಖ್ಯವಾದ ಎರಡು ಮಾತುಗಳೆಂದರೆ ‘ಹೊಸದು’ ಮತ್ತು ‘ಎಷ್ಟು ದಿನ’. ಹದಿನೈದು ವರ್ಷಗಳಿಂದ ಬರುತ್ತ ಹೋಗುತ್ತ ಇರುವ, ಹಬ್ಬದೂಟದ ಮಾರನೆಯ ದಿನ ಹೆಚ್ಚಿ ಬಹಿರ್ದೆಸೆಯಾದ ಮೇಲೆ ತಗ್ಗುವ ಉಬ್ಬರ ಒಂದು ಬಗೆ. ದೀಪಾವಳಿಯ ತನಕ ಇರದೆ ಆಮೇಲೆ ಬಂದು, ಯಾವ ಊಟಕ್ಕೂ ಸಂಬಂಧವಿಲ್ಲದೆ ಹೆಚ್ಚುಕಡಿಮೆ ದಿನಾಲೂ ಇರುವ ಉಬ್ಬರ ಇನ್ನೊಂದು ಬಗೆ. ಎರಡನೆಯದು ಕ್ಯಾನ್ಸರೇ ಎಂದಲ್ಲ. ಆ ಅಳತೆಗೋಲಿಗೆ ಸಿಕ್ಕವರಲ್ಲಿಯೂ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಭಾರತದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 47 ಸಾವಿರ ಮಹಿಳೆಯರಿಗೆ ಹೊಸದಾಗಿ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರುಗಳ ನಂತರ ಮೂರನೆಯ ಸ್ಥಾನ ಇದರದು. ಸಂಖ್ಯೆ ದೊಡ್ಡದು, ಆದರೆ ದೇಶವೂ ದೊಡ್ಡದು: ಇಡೀ ಆಯುಷ್ಯದಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಹಿಳೆಯರಿಗೆ ಇದು ಬರುವಂಥದು. ಹೊಟ್ಟೆಯುಬ್ಬರವಾದರೋ ಯಾರನ್ನೂ ಬಿಟ್ಟಿಲ್ಲ.

ಹಾಗಾದರೆ ಈ ನೂರರಲ್ಲಿ ಒಬ್ಬರನ್ನು ಹುಡುಕುವುದು ಹೇಗೆ, ಉಳಿದ ತೊಂಬತ್ತೊಂಬತ್ತು ಜನರ ನಿದ್ದೆ ಕೆಡಿಸದಿರುವುದು ಹೇಗೆ? ಇದಕ್ಕೆ ಉತ್ತರದ ಒಂದು ಭಾಗ ನಮ್ಮ ಜಿಲ್ಲೆಯಲ್ಲಿಯೇ ಇದೆ. ಸೊಲ್ಲಾಪುರದಿಂದ ಸುಮಾರು 70 ಕಿಲೋಮೀಟರು ದೂರದ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇರುವುದು ಹಲವರಿಗೆ ಗೊತ್ತು. ದೇಶದ ಮೊತ್ತಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆ ಊರಿನಲ್ಲಿಯೇ ಆರಂಭವಾಯಿತೆಂಬುದು ನಮ್ಮವರಲ್ಲಿ ಕಡಿಮೆ ಜನರಿಗೆ ಗೊತ್ತು. ಅದುವರೆಗೆ ಮುಂಬಯಿ, ಬೆಂಗಳೂರು, ಚೆನ್ನೈಗಳಂಥ ನಗರಗಳಲ್ಲಿ ನಡೆಯುತ್ತಿದ್ದ ನೋಂದಣಿ ಆಸ್ಪತ್ರೆಗಳ ದಾಖಲೆಗಳನ್ನು ನಕಲು ಮಾಡಿಕೊಳ್ಳುವ ಕೆಲಸವಾಗಿತ್ತು. ಬಾರ್ಶಿ, ಪರಾಂಡಾ, ಭೂಮ ತಾಲೂಕುಗಳ 346 ಹಳ್ಳಿಗಳಲ್ಲಿ ಹಾಗೆ ಮಾಡುವಂತಿರಲಿಲ್ಲ. ಅಲ್ಲಿ ರೋಗ ಬಂದವರಲ್ಲಿ ಎಷ್ಟೋ ಜನ ಆಸ್ಪತ್ರೆಯ ಬಾಗಿಲನ್ನೇ ನೋಡದೆ ತೀರಿಹೋಗುತ್ತಿದ್ದರು. ದಾಖಲೆಯೇ ಇಲ್ಲದ ಮೇಲೆ ನಕಲು ಮಾಡುವುದೇನನ್ನು?

ಆದ್ದರಿಂದ ಟಾಟಾ ಸ್ಮಾರಕ ಕೇಂದ್ರದ ಕಸ್ತೂರಿ ಜಯಂತ್ ಅವರ ಮಾರ್ಗದರ್ಶನದಲ್ಲಿ ಬೇರೊಂದು ಕ್ರಮವನ್ನು ರೂಪಿಸಲಾಯಿತು. ಕ್ಷೇತ್ರ ಸಿಬ್ಬಂದಿ ಹಳ್ಳಿಯಿಂದ ಹಳ್ಳಿಗೆ ಹೋಗುವುದು, ಜನರನ್ನು ಕೂಡಿಸಿ ಯಾವ ಲಕ್ಷಣಗಳನ್ನು ಕಡೆಗಣಿಸಬಾರದೆಂದು ಮಾತಾಡುವುದು, ಅಂಥ ಲಕ್ಷಣ ಇದ್ದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುವುದು, ಇದ್ದರೆ ಬಾರ್ಶಿಯ ಆಸ್ಪತ್ರೆಗೆ ಬರುವಂತೆ ಮನವೊಲಿಸುವುದು. ಯಂತ್ರವಿಲ್ಲ, ಚುಚ್ಚುಮದ್ದಿಲ್ಲ, ಬರೀ ಮಾತು. ಲೆಕ್ಕ ಬರೆದುಕೊಳ್ಳುವುದಕ್ಕಾಗಿ ಹೊರಟ ಈ ಕೆಲಸ ಲೆಕ್ಕವನ್ನೇ ಬದಲಿಸಿತು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಆದ ಮಹಿಳೆಯರು ಮೊದಲಿಗಿಂತ ಎಳೆಯ ಹಂತದಲ್ಲಿ ಆಸ್ಪತ್ರೆಗೆ ಬರತೊಡಗಿದರೆಂಬುದನ್ನು ಜಯಂತ್ ಮತ್ತು ಅವರ ಸಂಗಡಿಗರು 1995ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು; ಬದುಕುಳಿಯುವಿಕೆಯೂ ಸುಧಾರಿಸಿದ್ದನ್ನು ಮುಂದೆ ತೋರಿಸಿಕೊಟ್ಟರು. ಬಿಳಿಮುಟ್ಟು, ಮುಟ್ಟುನಿಂತ ಮೇಲಿನ ರಕ್ತಸ್ರಾವ ಎಂಬ ಮಾತುಗಳನ್ನು ಹತ್ತು ಜನರ ನಡುವೆ ಬಾಯಿಬಿಟ್ಟು ಆಡಬಹುದೆಂದಾದುದೇ ಆ ಹಳ್ಳಿಗಳಲ್ಲಿ ಆದ ಬದಲಾವಣೆಯ ಮೂಲವೆಂದು ನಾನು ತಿಳಿಯುತ್ತೇನೆ.

ಅದೇ ತಂಡ ಮುಂದೆ ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿತು. ಆಗಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯಲ್ಲಿ 1999ರಲ್ಲಿ ಆರಂಭವಾದ ಅಧ್ಯಯನದಲ್ಲಿ 30ರಿಂದ 59ರ ವಯಸ್ಸಿನ 1,31,746 ಮಹಿಳೆಯರು ಸೇರಿದ್ದರು. ಒಂದೇ ಒಂದು ಸಲ ಎಚ್‌ಪಿವಿ ವೈರಸ್ಸಿನ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತೆಂಬ ಫಲಿತಾಂಶ 2009ರಲ್ಲಿ ಹೊರಬಂದು ಜಗತ್ತಿನ ಅನೇಕ ದೇಶಗಳ ಧೋರಣೆಯ ಮೇಲೆ ಪ್ರಭಾವ ಬೀರಿತು. ನೆರೆಯ ಹಳ್ಳಿಗಳ ಹೆಂಗಸರು ಜಗತ್ತಿಗೆ ಕೊಟ್ಟ ತಿಳಿವಳಿಕೆ ಇದು. ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಇರಬೇಕಾದ ಸಂಗತಿ.

ಆದರೆ ಗರ್ಭಕಂಠದ ಯಶಸ್ಸನ್ನು ಅಂಡಾಶಯಕ್ಕೆ ಹಚ್ಚಲಾಗದು. ಗರ್ಭಕಂಠ ಕಣ್ಣಿಗೆ ಕಾಣುವ, ಸ್ರಾವವನ್ನು ತೆಗೆದು ನೋಡಬಹುದಾದ ಭಾಗ, ಅಂಡಾಶಯ ಹಾಗಲ್ಲ. ಲಕ್ಷಣವೇ ಇಲ್ಲದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಅಂಡಾಶಯದ ಕ್ಯಾನ್ಸರನ್ನು ಮುಂಚಿತವಾಗಿ ಹಿಡಿಯಬಹುದೇ ಎಂದು ಬ್ರಿಟನ್ನಿನಲ್ಲಿ ಉಷಾ ಮೆನನ್ ಅವರ ತಂಡ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಾನುಗಟ್ಟಲೆ ಪರೀಕ್ಷಿಸಿ ನೋಡಿತು. ಸಿಎ-125 ಎಂಬ ರಕ್ತಪರೀಕ್ಷೆ ಮತ್ತು ಸೋನೋಗ್ರಫಿಗಳಿಂದ ಸಾವು ತಗ್ಗಲಿಲ್ಲವೆಂಬುದು 2021ರಲ್ಲಿ ಪ್ರಕಟವಾದ ಅದರ ಅಂತಿಮ ಉತ್ತರ. ಅಮೆರಿಕದ ಇಂಥದೇ ಅಧ್ಯಯನ 2011ರಲ್ಲಿ ಹಾನಿಯ ಲೆಕ್ಕವನ್ನೂ ಕೊಟ್ಟಿತ್ತು: ರೋಗವಿಲ್ಲದಿದ್ದರೂ ಪರೀಕ್ಷೆಯಲ್ಲಿ ‘ಇದೆ’ ಎಂದು ತೋರಿದ 3,285 ಮಹಿಳೆಯರ ಪೈಕಿ 1,080 ಜನರಿಗೆ ಶಸ್ತ್ರಕ್ರಿಯೆಯೇ ಆಯಿತು, ಅವರಲ್ಲಿ ನೂರಕ್ಕೆ ಹದಿನೈದು ಮಂದಿ ಗಂಭೀರ ತೊಡಕುಗಳಿಗೆ ಗುರಿಯಾದರು.

ಆದುದರಿಂದ ‘ಸಂಪೂರ್ಣ ಮಹಿಳಾ ತಪಾಸಣೆ’ ಎಂಬ ರಿಯಾಯಿತಿ ದರದ ಪಟ್ಟಿಯಲ್ಲಿ ಸಿಎ-125 ಕಂಡರೆ, ಯಾವ ಲಕ್ಷಣವೂ ಇಲ್ಲದವರು ಅದನ್ನು ಬಿಟ್ಟುಬಿಡುವುದು ಲೇಸು. ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ, ಗರ್ಭಾಶಯದ ಸಾಧಾರಣ ಗಂಟುಗಳಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ, ಯಕೃತ್ತಿನ ಬೇನೆಯಲ್ಲಿ, ಇವೆಲ್ಲದರಲ್ಲಿ ಆ ಸಂಖ್ಯೆ 35ರ ಗೆರೆಯನ್ನು ದಾಟಬಲ್ಲದು. ನಮ್ಮ ದೇಶದಲ್ಲಿ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ: ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು, ತೂಕ ಇಳಿಕೆ, ಏರಿದ ಸಿಎ-125 ಮೂರೂ ಅದರಲ್ಲಿ ಕೂಡಿ ಬಂದು ಮುಂದುವರಿದ ಅಂಡಾಶಯದ ಕ್ಯಾನ್ಸರಿನಂತೆಯೇ ಕಾಣುತ್ತದೆ. ಅದು ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ ವಾಸಿಯಾಗುವ ರೋಗ. ಹೀಗಾಗಿ ಹೊಟ್ಟೆಯ ನೀರನ್ನೋ ಅಂಗಾಂಶದ ತುಣುಕನ್ನೋ ಪರೀಕ್ಷಿಸದೆ ಯಾರಾದರೂ ಆಯುಷ್ಯದ ಲೆಕ್ಕ ಹೇಳತೊಡಗಿದರೆ ಎರಡನೆಯ ವೈದ್ಯರ ಬಳಿ ಹೋಗುವುದು ಕುಟುಂಬದ ಹಕ್ಕು. ಲಕ್ಷಣ ಇದ್ದವರಿಗೆ, ಅದರಲ್ಲೂ ಮುಟ್ಟು ನಿಂತವರಿಗೆ, ಈ ಪರೀಕ್ಷೆಗಳ ಬೆಲೆ ಬೇರೆ. ವೈದ್ಯರು ಕೈಯಿಂದ ಹೊಟ್ಟೆ ಪರೀಕ್ಷಿಸಿದ ನಂತರ ಕಿಬ್ಬೊಟ್ಟೆಯ ಸೋನೋಗ್ರಫಿ ಮತ್ತು ಸಿಎ-125 ಮಾಡಿಸಿದರೆ ಅಲ್ಲಿ ಅರ್ಥವಿದೆ.

ಸೋನೋಗ್ರಫಿಯ ಕಾಗದದಲ್ಲಿ ‘ಸಿಸ್ಟ್’ ಎಂಬ ಪದ ಕಂಡೊಡನೆ ಎದೆ ಧಸಕ್ಕೆನ್ನುತ್ತದೆ. ಮುಟ್ಟಾಗುವ ವಯಸ್ಸಿನಲ್ಲಿ ಪ್ರತಿ ತಿಂಗಳೂ ಅಂಡಾಶಯದಲ್ಲಿ ಒಂದು ನೀರುಗುಳ್ಳೆ ಬೆಳೆದು ಒಡೆಯುವುದೇ ಪ್ರಕೃತಿಯ ನಿಯಮ. ತೆಳುಗೋಡೆಯ, ಒಳಗೆ ಬರೀ ನೀರಿರುವ ಸಣ್ಣ ಗುಳ್ಳೆಗಳು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಮಾಯವಾಗುವುದುಂಟು. ವೈದ್ಯರು ಮತ್ತೊಮ್ಮೆ ನೋಡೋಣ ಎನ್ನುವುದು ಉದಾಸೀನದಿಂದಲ್ಲ. ಒಳಗೆ ಗಟ್ಟಿಭಾಗ ಇದೆ, ಗೋಡೆಗಳು ದಪ್ಪವಾಗಿವೆ, ಹೊಟ್ಟೆಯಲ್ಲಿ ನೀರಿದೆ, ಅಥವಾ ಮುಟ್ಟು ನಿಂತ ಮೇಲೆ ಗಡ್ಡೆ ಕಂಡಿದೆ ಎಂದು ಬರೆದಿದ್ದರೆ ಮಾತ್ರ ಕ್ಯಾನ್ಸರ್ ತಜ್ಞರ ಬಳಿಗೆ ಹೋಗಲು ತಡಮಾಡಬಾರದು. ಅಂಥ ಗಡ್ಡೆಯನ್ನು ಊರಿನ ಚಿಕ್ಕ ಆಸ್ಪತ್ರೆಯಲ್ಲಿ ಅವಸರದಿಂದ ತೆಗೆಸುವುದೂ ಸರಿಯಲ್ಲ. ಮೊದಲ ಶಸ್ತ್ರಚಿಕಿತ್ಸೆ ಎಷ್ಟು ಪೂರ್ಣವಾಗಿ ಆಯಿತೆಂಬುದರ ಮೇಲೆ ಈ ರೋಗದ ಮುಂದಿನ ಗತಿ ನಿಂತಿದೆ.

ಭಯವನ್ನು ಮಾರಾಟಕ್ಕಿಡುವವರೂ ಇದ್ದಾರೆಂಬುದನ್ನು ಇಲ್ಲಿ ಹೇಳಲೇಬೇಕು. ಕಬ್ಬು ಕಡಿಯಲು ಹೋಗುವ ಬೀಡ ಜಿಲ್ಲೆಯ ಹೆಂಗಸರ ಗರ್ಭಾಶಯಗಳನ್ನು ಅನಗತ್ಯವಾಗಿ ತೆಗೆಯಲಾಗಿದೆಯೆಂಬ ಕೂಗು ಎದ್ದಾಗ, 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿಯೊಂದು ವಿಚಾರಣೆ ನಡೆಸಿತು. ಸಮೀಕ್ಷೆಗೊಳಪಟ್ಟ 82 ಸಾವಿರ ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಜನರ ಗರ್ಭಾಶಯ ಆಗಲೇ ಹೋಗಿತ್ತು. ಗಡಿಯಾಚೆ ಕಲಬುರಗಿ ಜಿಲ್ಲೆಯ ತಾಂಡಾಗಳಿಂದಲೂ 2015ರ ಸುಮಾರಿಗೆ ಇದೇ ದೂರು ಕೇಳಿಬಂದು ತನಿಖೆಯಾಯಿತು. ಎರಡೂ ಕಡೆ ಹೆಂಗಸರು ಹೇಳಿದ ಕಥೆಯ ತಿರುಳು ಒಂದೇ: ಹೊಟ್ಟೆನೋವೆಂದು ಹೋದೆವು, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದರು. ಮರಾಠಿಯಲ್ಲಿ ಗರ್ಭಾಶಯಕ್ಕೆ ರೂಢಿಯ ಮಾತು ‘ಪಿಶವಿ’, ಅಂದರೆ ಚೀಲ. ಹೆತ್ತು ಮುಗಿದ ಮೇಲೆ ಖಾಲಿ ಚೀಲ ಏಕಿರಬೇಕು ಎಂಬ ತರ್ಕ ಆ ಶಬ್ದದಲ್ಲಿಯೇ ಅಡಗಿದೆ. ಗರ್ಭಾಶಯ ತೆಗೆಸಿದ ಮಾತ್ರಕ್ಕೆ ಅಂಡಾಶಯದ ಕ್ಯಾನ್ಸರಿನ ಸಂಭವ ಅಳಿಯದು; ಮೂವತ್ತೈದಕ್ಕೆ ಅಂಡಾಶಯಗಳನ್ನೂ ಸೇರಿಸಿ ತೆಗೆಸಿದರೆ ಎಲುಬು ಸವೆಯುವುದೂ ಹೃದಯದ ಬೇನೆಯೂ ಬೇಗ ಬಾಗಿಲಿಗೆ ಬರುತ್ತವೆ. ತಾಯಿಗೋ ಅಕ್ಕತಂಗಿಗೋ ಸ್ತನ ಇಲ್ಲವೆ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ವಿಚಾರವೇ ಬೇರೆ. ಅಂಥ ಮನೆತನದ ಹೆಣ್ಣುಮಕ್ಕಳಿಗೆ ಅನುವಂಶೀಯ ಪರೀಕ್ಷೆಯಿದೆ, ಅದರ ಫಲಿತಾಂಶ ನೋಡಿ ವಯಸ್ಸು ವಿಚಾರಿಸಿ ಅಂಡಾಶಯ ತೆಗೆಸಲು ತಜ್ಞರೇ ಸೂಚಿಸುವುದುಂಟು.

ಈಗ ನಮ್ಮದೇ ಆದ ಒಂದು ತೊಡಕಿಗೆ ಬರುತ್ತೇನೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಮಕ್ಕಳು ಮರಾಠಿಯನ್ನೂ ಕಲಿಯುತ್ತಾರೆ. ಅವರ ತಾಯಂದಿರಲ್ಲಿ ಹಲವರಿಗೆ ಬಜಾರಿನ ಮರಾಠಿ ಬರುತ್ತದೆ, ಆಸ್ಪತ್ರೆಯ ಮರಾಠಿ ಬರುವುದಿಲ್ಲ. ಹೀಗಾಗಿ ಎಂಟನೆಯ ಇಯತ್ತೆಯ ಮಗಳೋ ಮಗನೋ ದುಭಾಷಿಯಾಗಿ ತಾಯಿಯ ಜೊತೆ ಹೋಗುವುದು ವಾಡಿಕೆ. ಮಗನ ಮುಂದೆ ತಾಯಿ ಮುಟ್ಟಿನ ಮಾತೆತ್ತಳು. ಮಗಳ ಮುಂದೆ ಕ್ಯಾನ್ಸರಿನ ಮಾತೆತ್ತಳು. ಕೊನೆಗೆ ವೈದ್ಯರ ಕಿವಿಗೆ ಬೀಳುವುದು ‘ಪೋಟ ದುಖತೆ’ ಎಂಬ ಎರಡು ಶಬ್ದ. ಅವರು ಬರೆದುಕೊಡುವುದು ಆಮ್ಲದ ಮಾತ್ರೆ. ಅವರನ್ನು ದೂರಿ ಫಲವಿಲ್ಲ, ಅವರಿಗೆ ಸಿಕ್ಕ ಸುದ್ದಿಯೇ ಅಷ್ಟು.

ಮರಾಠಿಯ ‘ಪೋಟ’ವೂ ನಮ್ಮ ‘ಹೊಟ್ಟೆ’ಯೂ ಒಂದೇ ಜಾಯಮಾನದವು: ಜಠರವೂ ಅದೇ, ಕರುಳೂ ಅದೇ, ಗರ್ಭವೂ ಅದೇ. ಹೊಟ್ಟೆನೋವು ಎಂದರೆ ಎಲ್ಲಿ ಎಂದು ತಿಳಿಯದು. ನಮ್ಮ ‘ಕಿಬ್ಬೊಟ್ಟೆ’ಗೆ ಅವರದು ‘ಓಟಿಪೋಟ’. ಈ ಒಂದು ಶಬ್ದವನ್ನು ಬಲ್ಲವಳು ವೈದ್ಯರ ಕೈಯನ್ನು ಸರಿಯಾದ ಜಾಗಕ್ಕೆ ಕರೆದೊಯ್ಯಬಲ್ಲಳು. ಉಬ್ಬರಕ್ಕೆ ‘ಪೋಟ ಫುಗತೆ’, ಎದೆಯುರಿಗೆ ‘ಜಳಜಳ’, ಓಕರಿಕೆಗೆ ‘ಮಳಮಳ’, ಬೇಗ ಹೊಟ್ಟೆ ತುಂಬುವುದಕ್ಕೆ ‘ಲಗೇಚ ಪೋಟ ಭರತೆ’, ಮೂತ್ರಕ್ಕೆ ‘ಲಘ್ವಿ’. ಮುಟ್ಟಿಗೆ ಅವರು ‘ಪಾಳಿ’ ಎನ್ನುತ್ತಾರೆ. ಪಾಳಿ ಯಾವಾಗ ಎಂದು ಕೇಳಿದರೆ ಕಾರ್ಖಾನೆಯ ಹೆಣ್ಣುಮಗಳು ‘ಬೆಳಗಿನ ಏಳಕ್ಕೆ’ ಎಂದು ಉತ್ತರಿಸುವ ಸಂಭವ ಉಂಟು! ‘ಗಾಠ’ ಎಂಬುದು ಗಂಟಿಗೂ ಗಡ್ಡೆಗೂ ಒಂದೇ ಮಾತು. ‘ಪಾಣ್ಯಾಚಿ ಗಾಠ’ ಎಂದರೆ ನೀರುಗುಳ್ಳೆ, ಅದನ್ನು ಕೇಳಿ ಕಂಗೆಡಬೇಕಾಗಿಲ್ಲ. ‘ಕರ್ಕರೋಗ’ ಎಂದರೆ ಕ್ಯಾನ್ಸರ್. ‘ಅಂಡಾಶಯ’ ಎರಡೂ ಭಾಷೆಗಳಲ್ಲಿ ಒಂದೇ. ನನಗೆ ಅಂಡಾಶಯದ ಕರ್ಕರೋಗದ ಭಯವಿದೆ, ಅದಿಲ್ಲವೆಂದು ಹೇಗೆ ಗೊತ್ತಾಗುತ್ತದೆ ಎಂದು ನೇರವಾಗಿ ಕೇಳಿದರೆ ಯಾವ ಸಜ್ಜನ ವೈದ್ಯರೂ ನಗುವುದಿಲ್ಲ. ಜೊತೆಗೆ ಬರುವವರು ಮಕ್ಕಳಾಗುವ ಬದಲು ಓಣಿಯ ಆಶಾ ಕಾರ್ಯಕರ್ತೆಯೋ ಮರಾಠಿ ಬಲ್ಲ ಗೆಳತಿಯೋ ಆದರೆ ಅರ್ಧ ಕೆಲಸ ಆದಂತೆ.

ಉಳಿದರ್ಧಕ್ಕೆ ಮಗನ ಹಳೆಯ ನೋಟುಬುಕ್ಕಿನ ಖಾಲಿ ಹಾಳೆ ಸಾಕು. ತಾರೀಖು ಹಾಕಿ, ಉಬ್ಬರ ಇತ್ತೇ, ನೋವು ಎಲ್ಲಿ, ಎಷ್ಟು ರೊಟ್ಟಿ ಉಂಡದ್ದು, ಮಲ ಹೇಗಿತ್ತು, ಮುಟ್ಟಿನ ದಿನವೇ ಎಂದು ಒಂದು ತಿಂಗಳು ಬರೆಯಬೇಕು. ಬರೆಯಲು ಬಾರದವರು ಕ್ಯಾಲೆಂಡರಿನ ಚೌಕದಲ್ಲಿ ಒಂದು ಗೀಟು ಎಳೆದರೂ ನಡೆಯುತ್ತದೆ. ತಿಂಗಳ ಕೊನೆಗೆ ಗೀಟುಗಳು ನಾಲ್ಕೋ ಇಪ್ಪತ್ತೋ ಎಂಬುದು ವೈದ್ಯರಿಗೆ ದೊಡ್ಡ ಸುದ್ದಿ. ನಾಲ್ಕೇ ಇದ್ದರೆ ಬರೆದವಳಿಗೇ ಅದು ಮೊದಲ ಸಮಾಧಾನ. ಭಯ ಎಣಿಸುವಾಗ ಪ್ರತಿದಿನವೂ ಇತ್ತೆಂದೇ ಎಣಿಸಿರುತ್ತದೆ. ಆದರೆ ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು, ಕಾರಣವಿಲ್ಲದ ತೂಕ ಇಳಿಕೆ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ನಿಲ್ಲದ ವಾಂತಿ, ಸಂಜೆ ಜ್ವರ, ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ, ದಿನೇ ದಿನೇ ದೊಡ್ಡದಾಗುವ ಹೊಟ್ಟೆ—ಇವು ಕಂಡವರು ಹಾಳೆ ತುಂಬುವ ತನಕ ಕಾಯಬಾರದು. ಬೇಗ ಹೋದವರೆಲ್ಲರ ರೋಗ ಮೊದಲ ಹಂತದಲ್ಲಿಯೇ ಸಿಗುತ್ತದೆಂಬ ಭರವಸೆ ಯಾರೂ ಕೊಡಲಾರರು. ನೀರು ತುಂಬಿ ನಿತ್ರಾಣಳಾಗುವ ಮುನ್ನ ಬಂದ ಶರೀರ ಶಸ್ತ್ರಕ್ರಿಯೆಯನ್ನೂ ಕಿಮೋಥೆರಪಿಯನ್ನೂ ತಾಳಿಕೊಳ್ಳುತ್ತದೆ ಎಂಬುದಂತೂ ಖಚಿತ.

ಪರೀಕ್ಷೆಗಳೆಲ್ಲ ಸರಿಯಾಗಿದ್ದು ಹೊಟ್ಟೆ ಮಾತ್ರ ಸರಿಹೋಗದವರೇ ಹೆಚ್ಚು. ಅವರಿಗೆ ‘ಏನೂ ಇಲ್ಲ’ ಎಂಬ ಉತ್ತರ ಸಾಲದು, ಏಕೆಂದರೆ ಅವರಿಗೆ ಏನೋ ಇದೆ. ಪಾಳಿಯ ಕೆಲಸದ ದಿನಚರಿಯನ್ನೇ ನೋಡಿರಿ. ಶೌಚಾಲಯ ದೂರವೆಂದೋ ಹೊಲಸೆಂದೋ ನೀರು ಕುಡಿಯದೆ ಎಂಟು ತಾಸು ತಡೆದುಕೊಳ್ಳುವುದು ಮಲಬದ್ಧತೆಗೂ ಉಬ್ಬರಕ್ಕೂ ಸಾಕಾದ ಕಾರಣ. ಕುಡಿಯುವ ನೀರನ್ನೂ ಹೆಂಗಸರಿಗೆ ಪ್ರತ್ಯೇಕ ಶೌಚಾಲಯವನ್ನೂ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಮುಂಜಾನೆ ಮಿಶ್ರಿ ತಿಕ್ಕಿದರೆ ಹೊಟ್ಟೆ ಸಾಫಾಗುತ್ತದೆಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ಅದು ಸುಟ್ಟ ತಂಬಾಕು, ಬಾಯಿಗೆ ಕ್ಯಾನ್ಸರ್ ತರುವಂಥದು, ಕರುಳಿಗೆ ಚಟ ಹಿಡಿಸುವಂಥದು. ಸೋಮವಾರ, ಏಕಾದಶಿಯ ಉಪವಾಸದಲ್ಲಿ ದಿನವಿಡೀ ಖಾಲಿ ಇದ್ದ ಹೊಟ್ಟೆಗೆ ಸಂಜೆ ಸಾಬೂದಾಣಿ, ಬಟಾಟೆ, ಶೇಂಗಾ ಸೇರಿದರೆ ಉಬ್ಬದೆ ಇನ್ನೇನಾದೀತು? ಹಾಲು ಒಗ್ಗದಿರುವುದು, ಪಿತ್ತಕೋಶದ ಕಲ್ಲು, ಥೈರಾಯ್ಡು, ಜಂತು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ, ಜಠರದ ಹೆಲಿಕೋಬ್ಯಾಕ್ಟರ್ ಸೋಂಕು ಇವನ್ನೆಲ್ಲ ಒಂದೊಂದಾಗಿ ಬದಿಗಿರಿಸಿದ ಮೇಲೆ ಉಳಿಯುವುದು ಹೆಚ್ಚಾಗಿ ಐಬಿಎಸ್ ಅಥವಾ ಅದರ ದಾಯಾದಿ ಬೇನೆಗಳು.

ಅಲ್ಲಿ ಕರುಳಿನಲ್ಲಿ ಗಾಯವಿರುವುದಿಲ್ಲ, ಕರುಳಿಗೂ ಮಿದುಳಿಗೂ ನಡುವಣ ನರಗಳ ಸಂಭಾಷಣೆ ಕೆಟ್ಟಿರುತ್ತದೆ. ಭಯ ಹೆಚ್ಚಿದಂತೆ ಉಬ್ಬರ ಹೆಚ್ಚುತ್ತದೆ, ಉಬ್ಬರ ಹೆಚ್ಚಿದಂತೆ ಭಯ. ಇದು ಭ್ರಮೆಯಲ್ಲ, ಸೋಗೂ ಅಲ್ಲ. ನೋವು ತಗ್ಗಿಸಲೆಂದು ವೈದ್ಯರು ಅತಿ ಚಿಕ್ಕ ಪ್ರಮಾಣದಲ್ಲಿ ಎಮಿಟ್ರಿಪ್ಟಿಲಿನ್ ಎಂಬ ಮಾತ್ರೆ ಕೊಡುವುದುಂಟು. ಅದರ ಕಾಗದದಲ್ಲಿ ‘ಖಿನ್ನತೆಗೆ’ ಎಂದು ಓದಿದ ಮನೆಯವರು, ಇವಳಿಗೆ ತಲೆ ಕೆಟ್ಟಿದೆಯಂತೆ ಎಂದು ಮಾತ್ರೆಯನ್ನು ಚೆಲ್ಲುತ್ತಾರೆ. 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 463 ಐಬಿಎಸ್ ರೋಗಿಗಳಿಗೆ ಅದನ್ನೂ ಬರೀ ಹುಸಿಮಾತ್ರೆಯನ್ನೂ ಕೊಟ್ಟು ಹೋಲಿಸಿದಾಗ, ಮಾತ್ರೆ ತೆಗೆದುಕೊಂಡವರ ಕರುಳೇ ಹೆಚ್ಚು ಸುಧಾರಿಸಿತ್ತು. ಅದು ಕರುಳಿನ ನರಗಳಿಗೆ ಕೊಡುವ ಔಷಧ.

ಖರ್ಚಿನ ಮಾತು. ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ ನೌಕರರಿಗೆ ಇಎಸ್‌ಐ ಅನ್ವಯಿಸುತ್ತದೆ. ನಿಗದಿತ ವಂತಿಗೆ ತುಂಬಿದ್ದರೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳ ತನಕ ವೇತನದ ನೂರಕ್ಕೆ 70ರಷ್ಟು ಸಿಗುತ್ತದೆ. ಕ್ಯಾನ್ಸರಿನಂಥ ದೀರ್ಘ ರೋಗಗಳಿಗೆ ಷರತ್ತುಗಳಿಗೆ ಒಳಪಟ್ಟು ನೂರಕ್ಕೆ 80ರಂತೆ ಎರಡು ವರ್ಷದವರೆಗೆ. ಗುತ್ತಿಗೆಯ ಹೆಣ್ಣುಮಕ್ಕಳು ತಮ್ಮ ಹೆಸರಿನಲ್ಲಿ ವಂತಿಗೆ ಕಟ್ಟಲಾಗುತ್ತಿದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇಎಸ್‌ಐ ಇಲ್ಲದವರಿಗೆ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆಯಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡುಗಳೊಂದಿಗೆ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿರುವ ‘ಆರೋಗ್ಯಮಿತ್ರ’ರನ್ನು ಕಾಣಬೇಕು. ಮೊದಲ ತಪಾಸಣೆಗೆ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ಸಾಕು. ಗಡ್ಡೆ ಕಂಡವರಿಗೆ ಬಾರ್ಶಿ ಇದೆ, ಕನ್ನಡದಲ್ಲಿಯೇ ಮಾತನಾಡಬೇಕೆನ್ನುವವರಿಗೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ.

ನಮ್ಮ ಶಾಲೆಗಳಲ್ಲಿ ಮಾತಾ-ಪಾಲಕ ಸಂಘಗಳಿವೆ. ಅವುಗಳ ಸಭೆಯಲ್ಲಿ ಹಾಜರಿ, ಸಮವಸ್ತ್ರ, ಪೋಷಣ ಆಹಾರಗಳ ಚರ್ಚೆಯಾಗುತ್ತದೆ. ಬಾರ್ಶಿಯ ಹಳ್ಳಿಗಳಲ್ಲಿ ಕ್ಷೇತ್ರ ಸಿಬ್ಬಂದಿ ಮಾಡಿದ ಕೆಲಸಕ್ಕೆ ಇದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ: ಗಂಡಸರಿಲ್ಲದ ಕೋಣೆ, ಕನ್ನಡ ಬಲ್ಲ ಒಬ್ಬ ದಾದಿ ಇಲ್ಲವೆ ವೈದ್ಯೆ, ಅರ್ಧ ತಾಸು. ಬರುವ ತಿಂಗಳ ಸಭೆಯ ಕಾರ್ಯಸೂಚಿಯಲ್ಲಿ ಕೊನೆಯ ವಿಷಯವಾಗಿ ಇದನ್ನು ಸೇರಿಸಲು ಮುಖ್ಯಾಧ್ಯಾಪಕರಿಗೆ ಒಂದು ಅರ್ಜಿ ಕೊಟ್ಟರಾಯಿತು. ಹುಡುಗರನ್ನು ಆ ಹೊತ್ತಿಗೆ ಆಟದ ಮೈದಾನಕ್ಕೆ ಬಿಡಬಹುದು.